ಮೊದಲ ಸಲ ಕಂಪ್ಯೂಟರ್ ಜೋಡಣೆ: ರೈಜನ್ 5 7600 ಜತೆ ಬಿ650 ಬೋರ್ಡೋ, ಐ5-13400ಎಫ್ ಜತೆ ಡಿಡಿಆರ್4 ಬೋರ್ಡೋ?

ನಂದನ_ಕೋಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿಡಿಭಾಗ ತಂದು ಮನೆಯಲ್ಲೇ ಡೆಸ್ಕ್‌ಟಾಪ್ ಜೋಡಿಸಲು ಹೊರಟಿದ್ದೇನೆ. ಇದೇ ಮೊದಲು. ಕ್ಯಾಬಿನೆಟ್, 650 ವಾಟ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬ), 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡ್ರೈವ್) ತೀರ್ಮಾನವಾಗಿವೆ. ಸಿಕ್ಕಿಕೊಂಡಿರುವುದು ಪ್ರೊಸೆಸರ್ ಮತ್ತು ಮದರ್‌ಬೋರ್ಡ್‌ನಲ್ಲಿ.

ಕೆಲಸ ಇಷ್ಟು: ದಿನವಿಡೀ ಕೋಡಿಂಗ್, ಡಾಕರ್‌ನಲ್ಲಿ ನಾಲ್ಕೈದು ಕಂಟೇನರ್ (ಬೇರೆ ಬೇರೆಯಾಗಿ ಓಡುವ ತಂತ್ರಾಂಶದ ಪೊಟ್ಟಣ), ಆಗಾಗ ಒಂದು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್). ಬಿಡುವಿದ್ದಾಗ ಕ್ಯಾಮೆರಾದ 4ಕೆ ವಿಡಿಯೊ ಎಡಿಟಿಂಗ್. ಆಟಗಳು 1440ಪಿ ಮಾನಿಟರ್‌ನಲ್ಲಿ. ಗ್ರಾಫಿಕ್ಸ್ ಕಾರ್ಡ್ ಈಗ ಬೇಡ, ಐದಾರು ತಿಂಗಳ ನಂತರ ಹಾಕುತ್ತೇನೆ.

ಎದುರಿಗಿರುವ ಎರಡು ದಾರಿ:

1. ಕೋರ್ ಐ5-13400ಎಫ್ ಮತ್ತು ಡಿಡಿಆರ್4 ಸ್ಲಾಟ್ ಇರುವ ಬಿ760 ಬೋರ್ಡ್. ನನ್ನ ಬಳಿ 8 ಜಿಬಿಯ ಎರಡು ಡಿಡಿಆರ್4-3200 ಸ್ಟಿಕ್‌ಗಳಿವೆ, ಅವನ್ನೇ ಬಳಸಬಹುದು.
2. ರೈಜನ್ 5 7600 ಮತ್ತು ಬಿ650 ಬೋರ್ಡ್, ಹೊಸ ಡಿಡಿಆರ್5 ರ‍್ಯಾಮ್.

ಐದಾರು ವರ್ಷ ಬಾಳಬೇಕು. ಮಧ್ಯೆ ಒಮ್ಮೆ ಪ್ರೊಸೆಸರ್ ಬದಲಿಸುವ ಅವಕಾಶ ಇದ್ದರೆ ಒಳ್ಳೆಯದು. ಬೋರ್ಡ್‌ಗಳ ಪಟ್ಟಿ ನೋಡಿದರೆ ಒಂದೇ ಚಿಪ್‌ಸೆಟ್ (ಬೋರ್ಡ್‌ನ ನಿಯಂತ್ರಕ ಚಿಪ್) ಹೆಸರಿನಲ್ಲಿ ಹತ್ತಾರು ಮಾದರಿ. ಏನು ನೋಡಿ ಆರಿಸಬೇಕು?

ಸಾಕೆಟ್‌ಮಿತ್ರ ಉತ್ತರ:

ಮೊದಲ ದಾರಿಯನ್ನು ನೀವು ಬರೆದಿರುವ ರೂಪದಲ್ಲಿ ಹಿಡಿಯಲು ಆಗುವುದೇ ಇಲ್ಲ. ಇಂಟೆಲ್ ಮಾದರಿಯ ಕೊನೆಯಲ್ಲಿ ಎಫ್ ಇದ್ದರೆ ಆ ಪ್ರೊಸೆಸರ್‌ನಲ್ಲಿ ಒಳಗ್ರಾಫಿಕ್ಸ್ ಇಲ್ಲ. ಬೋರ್ಡ್‌ನ ಹಿಂದೆ ಎಚ್‌ಡಿಎಂಐ ಕಿಂಡಿ ಇದ್ದೇ ಇರುತ್ತದೆ, ಆದರೆ ಅದರಿಂದ ಚಿತ್ರ ಬರುವುದಿಲ್ಲ. ಕಾರ್ಡ್ ಬರುವ ತನಕ ಐದಾರು ತಿಂಗಳು ಕಪ್ಪು ಪರದೆ ನೋಡುತ್ತ ಕೂರಬೇಕಾಗುತ್ತದೆ. ಇಂಟೆಲ್ ಬೇಕಾದರೆ ಎಫ್ ಇಲ್ಲದ 13400 ಅಥವಾ 14400 ತೆಗೆದುಕೊಳ್ಳಿ. ರೈಜನ್ 7600ನಲ್ಲಿ ಸಣ್ಣದೊಂದು ಒಳಗ್ರಾಫಿಕ್ಸ್ ಇದೆ. ಆಟಕ್ಕೆ ಸಾಲದು, ಕೋಡಿಂಗ್‌ಗೆ, ಎರಡು ಮಾನಿಟರ್ ಓಡಿಸಲು ಧಾರಾಳ. ಮುಂದೆ ಕಾರ್ಡ್ ಕೆಟ್ಟರೂ ದೋಷ ಎಲ್ಲಿದೆಯೆಂದು ಹುಡುಕಲು ಅದು ಕೈಹಿಡಿಯುತ್ತದೆ. ಎಎಂಡಿಯಲ್ಲೂ 7500ಎಫ್, 8400ಎಫ್ ಇವೆ, ಅವಕ್ಕೂ ಇದೇ ಮಾತು.

ಇನ್ನು ಸಾಕೆಟ್, ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ. ಎಲ್‌ಜಿಎ 1700 ಸಾಕೆಟ್ 2021ರಲ್ಲಿ 12ನೇ ಪೀಳಿಗೆಯ ಜತೆ ಬಂದು 14ನೇ ಪೀಳಿಗೆಗೆ ಮುಗಿಯಿತು. 2024ರ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851 ಎಂಬ ಬೇರೆಯೇ ಸಾಕೆಟ್. ಅಂದರೆ ಆ ಬೋರ್ಡ್‌ನಲ್ಲಿ ಪ್ರೊಸೆಸರ್ ಬದಲಿಸಬೇಕೆಂದರೆ 13, 14ನೇ ಪೀಳಿಗೆಯ ಐ7, ಐ9ಗಳಂಥವು ಮಾತ್ರ ಉಳಿದಿರುತ್ತವೆ. ಅವು 250 ವಾಟ್‌ವರೆಗೆ ಎಳೆಯುವಂಥವು, ಸಾಮಾನ್ಯ ಬಿ760 ಬೋರ್ಡ್‌ಗೆ ಅದು ಭಾರ. ಎಎಂ5 ಸಾಕೆಟ್ 2022ರಲ್ಲಿ ಬಂತು. ರೈಜನ್ 7000, 8000, 9000 ಮೂರೂ ಸರಣಿ ಅದರಲ್ಲೇ ಕೂರುತ್ತವೆ. ಕನಿಷ್ಠ 2027ರವರೆಗೆ ಈ ಸಾಕೆಟ್ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಇವತ್ತು 7600 ಹಾಕಿ, ಮೂರು ವರ್ಷದ ಮೇಲೆ 7800ಎಕ್ಸ್3ಡಿ ಅಥವಾ 9800ಎಕ್ಸ್3ಡಿಯಂಥ 8 ಕೋರಿನ ಪ್ರೊಸೆಸರ್‌ಗೆ ಹೋಗಲು ಬಯೋಸ್ (ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಆಯಿತು, ಬೋರ್ಡ್ ಬಿಚ್ಚಬೇಕಿಲ್ಲ.

ಹಳೆಯ ರ‍್ಯಾಮ್ ಉಳಿಸುವ ಆಸೆ ಅರ್ಥವಾಗುತ್ತದೆ. ಆದರೆ ಡಾಕರ್, ವರ್ಚುವಲ್ ಮಷೀನ್, 4ಕೆ ಎಡಿಟಿಂಗ್ ಮೂರನ್ನೂ 16 ಜಿಬಿಯಲ್ಲಿ ನಡೆಸಿದರೆ ಬ್ರೌಸರ್ ತೆರೆದ ಕೂಡಲೇ ಎಸ್‌ಎಸ್‌ಡಿಗೆ ಸ್ವಾಪ್, ಅಂದರೆ ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಅದಕ್ಕಿಂತ ನಿಧಾನದ ಡ್ರೈವ್‌ಗೆ ಸಾಗಿಸುವುದು, ಶುರುವಾಗುತ್ತದೆ. ನಿಮಗೆ ಬೇಕಾಗುವುದು 32 ಜಿಬಿ. ಡಿಡಿಆರ್4 ಬೋರ್ಡ್ ಕೊಂಡರೆ ಆರು ತಿಂಗಳಲ್ಲಿ ಮತ್ತೆ ಡಿಡಿಆರ್4 ಕೊಳ್ಳುತ್ತೀರಿ. ಅದು ಮುಂದಿನ ಯಾವ ಬೋರ್ಡ್‌ಗೂ ಹೋಗುವುದಿಲ್ಲ.

ನನ್ನ ಮತ ಎರಡನೆಯ ದಾರಿಗೆ.

ದೀಪಾ_ಎಡಿಟ್ ಉತ್ತರ:

ಸಾಕೆಟ್ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿ. ಆದರೆ ವಿಡಿಯೊ ಎಡಿಟಿಂಗ್ ಅಂದಿದ್ದೀರಿ, ಅದನ್ನು ಯಾರೂ ಕೇಳಿಯೇ ಇಲ್ಲ. ನಿಮ್ಮ ಕ್ಯಾಮೆರಾ ಯಾವ ಬಗೆಯ ಫೈಲ್ ಕೊಡುತ್ತದೆ ಎಂಬುದರ ಮೇಲೆ ಉತ್ತರ ತಿರುಗಿಬೀಳಬಹುದು.

ಒಂದು ಕ್ಲಿಪ್ಪನ್ನು ಮೀಡಿಯಾಇನ್ಫೋ ತಂತ್ರಾಂಶದಲ್ಲಿ ತೆರೆಯಿರಿ. ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಎಷ್ಟು ಉಳಿಸಿದೆ), ಬಿಟ್ ಡೆಪ್ತ್ (ಬಣ್ಣದ ಛಾಯೆಗಳು ಎಷ್ಟು ಸೂಕ್ಷ್ಮ) ಎಂಬ ಎರಡು ಸಾಲು ನೋಡಿ. 4:2:0 ಎಂದಿದ್ದರೆ, ವಿಡಿಯೊ ಕುಗ್ಗಿಸುವ ವಿಧಾನ ಎಚ್.264 ಆದರೆ 8 ಬಿಟ್, ಎಚ್.265 ಆದರೆ 10 ಬಿಟ್ ಇದ್ದರೂ ಸರಿ, ಇವತ್ತಿನ ಯಾವ ಗ್ರಾಫಿಕ್ಸ್ ಭಾಗವಾದರೂ ಅದನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ, ಟೈಮ್‌ಲೈನ್ ಸರಾಗವಾಗಿ ಓಡುತ್ತದೆ. ಆದರೆ ಎಚ್.265, 4:2:2, 10 ಬಿಟ್ ಎಂದಿದ್ದರೆ ಕಥೆ ಬೇರೆ. ಅದನ್ನು 12ರಿಂದ 14ನೇ ಪೀಳಿಗೆಯ ಇಂಟೆಲ್ ಒಳಗ್ರಾಫಿಕ್ಸ್‌ನ ಕ್ವಿಕ್ ಸಿಂಕ್ ಎಂಬ ವಿಡಿಯೊ ಭಾಗ ಬಿಡಿಸುತ್ತದೆ, ರೈಜನ್ 7600ನ ಒಳಗ್ರಾಫಿಕ್ಸ್ ಬಿಡಿಸುವುದಿಲ್ಲ. ಎನ್ವಿಡಿಯಾದಲ್ಲೂ ಆರ್‌ಟಿಎಕ್ಸ್ 50 ಸರಣಿಗೆ ಬಂದ ಮೇಲೆಯೇ ಅದಕ್ಕೆ ಬೆಂಬಲ ಸಿಕ್ಕಿದ್ದು. ಹಾರ್ಡ್‌ವೇರ್ ಬೆಂಬಲ ಇಲ್ಲದಿದ್ದರೆ ಭಾರವೆಲ್ಲ ಕೋರ್‌ಗಳ ಮೇಲೆ ಬಿದ್ದು, ಎರಡು ಪದರ ಇಟ್ಟ ಕೂಡಲೇ ಪ್ಲೇಬ್ಯಾಕ್ ತಡವರಿಸುತ್ತದೆ. ಆಗ ಪ್ರಾಕ್ಸಿ ಫೈಲ್, ಅಂದರೆ ಹಗುರವಾದ ನಕಲು, ಮಾಡಿಕೊಂಡು ಎಡಿಟ್ ಮಾಡಬೇಕು. ಕೆಲಸವಂತೂ ನಡೆಯುತ್ತದೆ, ಪ್ರತಿ ಸಲ ಒಂದು ಹೆಜ್ಜೆ ಹೆಚ್ಚು.

ಹಾಗಾಗಿ 4:2:2 ಫೈಲ್‌ಗಳೇ ನಿಮ್ಮ ದಿನನಿತ್ಯದ ಕೆಲಸವಾಗಿದ್ದರೆ ಎಫ್ ಇಲ್ಲದ ಐ5-13400 ಅಥವಾ 14400 ತಪ್ಪು ಆಯ್ಕೆಯಲ್ಲ. 6 ದೊಡ್ಡ ಕೋರ್, 4 ಸಣ್ಣ ಕೋರ್, ಒಟ್ಟು 16 ಥ್ರೆಡ್ (ಒಮ್ಮೆಲೇ ನಡೆಸುವ ಕೆಲಸದ ಎಳೆ). ಎಕ್ಸ್‌ಪೋರ್ಟ್, ಕಂಪೈಲ್ ಇಂಥವಕ್ಕೆ ಸಣ್ಣ ಕೋರ್‌ಗಳೂ ಹೆಗಲು ಕೊಡುತ್ತವೆ. ಆದರೆ ಅದನ್ನೂ ಡಿಡಿಆರ್5 ಬೋರ್ಡ್‌ನಲ್ಲಿ ಹಾಕಿ. ಒಂದೇ ಬಿ760 ಹೆಸರಿನಲ್ಲಿ ಎರಡೂ ಬಗೆ ಇರುತ್ತವೆ. ಹೆಸರಿನ ಕೊನೆಗೆ ಡಿ4 ಎಂದಿದ್ದರೆ ಸಾಮಾನ್ಯವಾಗಿ ಡಿಡಿಆರ್4. ಎರಡರ ಸ್ಲಾಟ್‌ನಲ್ಲಿ ಕಚ್ಚು ಇರುವ ಜಾಗ ಬೇರೆ, ಒಂದರ ಸ್ಟಿಕ್ ಇನ್ನೊಂದರಲ್ಲಿ ಕೂರುವುದಿಲ್ಲ.

ಇಂಟೆಲ್ ಕಡೆ ಹೋಗುವವರು ಇನ್ನೊಂದನ್ನು ಮರೆಯಬಾರದು. 13, 14ನೇ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರ್‌ಗಳು, ಅಂದರೆ ಐ5-13600ಕೆ, 14600ಕೆ ಮತ್ತು ಅವುಗಳ ಮೇಲಿನವು, ಹೆಚ್ಚು ವೋಲ್ಟೇಜ್ ತಾಗಿ ಕಾಲಕ್ರಮೇಣ ಅಸ್ಥಿರವಾಗುತ್ತಿದ್ದವು. ಇಂಟೆಲ್ 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟು ಅವುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. 13400 ಆ ವಾರಂಟಿ ಪಟ್ಟಿಯಲ್ಲಿ ಇಲ್ಲ. ಹಾಗಿದ್ದರೂ ಬಯೋಸ್‌ನಲ್ಲಿ 0ಎಕ್ಸ್12ಬಿ ಅಥವಾ ಅದಕ್ಕಿಂತ ಹೊಸ ಮೈಕ್ರೋಕೋಡ್ ಇದೆಯೇ ನೋಡಿಕೊಳ್ಳಿ. ಮುಂದೆ ಹಳೆಯ ಐ7 ಸಿಕ್ಕಿತೆಂದು ಹಾಕುವವರಿಗಂತೂ ಇದು ಕಡ್ಡಾಯ.

ನಂದನ_ಕೋಡ್:

ದೀಪಾ ಅವರೇ, ನೋಡಿದೆ. ಎಚ್.264, 4:2:0, 8 ಬಿಟ್ ಎಂದಿದೆ. ಹಾಗಾದರೆ ರೈಜನ್ 7600 ಎಂದೇ ಇಟ್ಟುಕೊಳ್ಳುತ್ತೇನೆ. 7600ಎಕ್ಸ್, 8500ಜಿ, 9600ಎಕ್ಸ್ ಕೂಡ ಹತ್ತಿರ ಹತ್ತಿರ ಇವೆ. ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದೇ? ಬೋರ್ಡ್‌ ಬಗ್ಗೆಯೂ ಯಾರಾದರೂ ಹೇಳಿ. ಎ620, ಬಿ650, ಬಿ650ಇ, ಬಿ840, ಬಿ850, ಎಕ್ಸ್870 ಎಂದು ತಲೆ ತಿರುಗುತ್ತಿದೆ.

ಸಾಕೆಟ್‌ಮಿತ್ರ:

8500ಜಿ ಬೇಡ. ಸಂಖ್ಯೆ ದೊಡ್ಡದಾದರೂ ಅದು ಲ್ಯಾಪ್‌ಟಾಪ್ ಚಿಪ್ಪಿನ ಡೆಸ್ಕ್‌ಟಾಪ್ ರೂಪ. ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ, ವೇಗದ ಮೆಮೊರಿ) 16 ಎಂಬಿ, 7600ನಲ್ಲಿ 32 ಎಂಬಿ. ಗ್ರಾಫಿಕ್ಸ್ ಕಾರ್ಡ್‌ಗೆ 7600 ಕೊಡುವುದು 16 ಪಿಸಿಐಇ ಲೇನ್ (ಡೇಟಾ ಹರಿಯುವ ದಾರಿ), 8600ಜಿ ಕೊಡುವುದು 8, 8500ಜಿ ಬರೀ 4. ಮುಂದೆ ಕಾರ್ಡ್ ಹಾಕುವವರು ಅದನ್ನು ಕೊಂಡರೆ ಕಾರ್ಡಿನ ಕತ್ತು ಹಿಸುಕಿದಂತೆ. ಕಾರ್ಡ್ ಎಂದೂ ಹಾಕದೆ ಒಳಗ್ರಾಫಿಕ್ಸ್‌ನಲ್ಲೇ ಸಣ್ಣಪುಟ್ಟ ಆಟ ಆಡುವವರಿಗೆ 8600ಜಿ ಸರಿ.

7600 ಮತ್ತು 7600ಎಕ್ಸ್ ಎರಡೂ 6 ಕೋರ್, 12 ಥ್ರೆಡ್. ಟಿಡಿಪಿ, ಅಂದರೆ ಕೂಲರ್ ಹೊರಬೇಕಾದ ಶಾಖದ ಅಂಕಿ, 65 ವಾಟ್, 105 ವಾಟ್ ಎಂದು ಡಬ್ಬದ ಮೇಲಿರುತ್ತದೆ. ನಿಜಕ್ಕೂ ಸಾಕೆಟ್ ಎಳೆಯುವ ಗರಿಷ್ಠ ವಿದ್ಯುತ್ ಅದರ 1.35 ಪಟ್ಟು: 88 ವಾಟ್ ಮತ್ತು 142 ವಾಟ್. ಅಷ್ಟು ಹೆಚ್ಚು ಎಳೆದು ಎಕ್ಸ್ ಮಾದರಿ ಕೊಡುವ ವೇಗ ಕೆಲವೇ ಶೇಕಡಾ. 7600ನ ಡಬ್ಬದಲ್ಲಿ ರೈತ್ ಸ್ಟೆಲ್ತ್ ಕೂಲರ್ ಬರುತ್ತದೆ, ಎಕ್ಸ್ ಡಬ್ಬದಲ್ಲಿ ಬರುವುದಿಲ್ಲ. 9600ಎಕ್ಸ್ ಹೊಸ ಪೀಳಿಗೆ, ಒಂದೊಂದು ಕೋರಿನ ವೇಗ ಚೆನ್ನಾಗಿದೆ, ಕೂಲರ್ ಪ್ರತ್ಯೇಕ. 1440ಪಿಯಲ್ಲಿ ಆಟದ ವೇಗ ನಿರ್ಧರಿಸುವುದು ಬಹುಪಾಲು ಗ್ರಾಫಿಕ್ಸ್ ಕಾರ್ಡ್. ಆ ವ್ಯತ್ಯಾಸವನ್ನು ಕಾರ್ಡಿಗೇ ಹಾಕಿ.

ಪಿನ್24 ಉತ್ತರ:

ಬೋರ್ಡ್ ವಿಷಯ ನಾನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಚಿಪ್‌ಸೆಟ್ ಹೆಸರು ಹೇಳುವುದು ಬಹಳ ಕಡಿಮೆ. ಎ620 ಎಂದರೆ ಪ್ರೊಸೆಸರ್ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಇಲ್ಲ, ಪಿಸಿಐಇ 5.0 (ಲೇನ್‌ಗಳ ಹೊಸ, ವೇಗದ ಪೀಳಿಗೆ) ಇಲ್ಲ. ಬಿ650 ಎಂದರೆ ಓವರ್‌ಕ್ಲಾಕ್ ಇದೆ, ಗ್ರಾಫಿಕ್ಸ್ ಸ್ಲಾಟ್ ಸಾಮಾನ್ಯವಾಗಿ 4.0. ಬಿ650ಇ ಎಂದರೆ ಆ ಸ್ಲಾಟೂ 5.0. ಬಿ850 ಎಂದರೆ ಬಿ650ಯ ಮುಂದಿನದು, ಒಂದು ಎಂ.2 (ಎಸ್‌ಎಸ್‌ಡಿ ಕೂರುವ) ಸ್ಲಾಟಾದರೂ 5.0. ಎಕ್ಸ್870ರಲ್ಲಿ ಯುಎಸ್‌ಬಿ4 ಕಡ್ಡಾಯ, ನಿಮಗದು ಬೇಕಿಲ್ಲ. ಬಿ840 ಹೆಸರು ಬಿ850ಯ ತಮ್ಮನಂತೆ ಕಂಡರೂ ಸಾಮರ್ಥ್ಯ ಎ620ಯ ಹತ್ತಿರ, ಪ್ರೊಸೆಸರ್ ಓವರ್‌ಕ್ಲಾಕ್ ಅದರಲ್ಲೂ ಇಲ್ಲ. ಇಂದಿನ ಗ್ರಾಫಿಕ್ಸ್ ಕಾರ್ಡಿಗೆ 4.0 ಸ್ಲಾಟಿನ 16 ಲೇನ್ ಸಾಕು. ಅದಕ್ಕೆಂದು 5.0 ಹುಡುಕಿ ಹೋಗಬೇಡಿ. ಬಿ650, ಬಿ850 ಎರಡರಲ್ಲಿ ಯಾವುದು ಸಿಕ್ಕರೂ ಸರಿ. ನೋಡಬೇಕಾದದ್ದು ಆ ನಿರ್ದಿಷ್ಟ ಮಾದರಿಯ ಕೈಪಿಡಿ. ತಯಾರಕರ ತಾಣದಿಂದ ಪಿಡಿಎಫ್ ಇಳಿಸಿಕೊಂಡು ಕೊಳ್ಳುವ ಮೊದಲೇ ಓದಿ.

ಮೊದಲು ವಿಆರ್‌ಎಂ. ಸಾಕೆಟ್‌ನ ಎಡಕ್ಕೂ ಮೇಲಕ್ಕೂ ಇರುವ, 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವ ಭಾಗ ಅದು. 7600ನ 88 ವಾಟ್‌ಗೆ ಎಲ್ಲಕ್ಕಿಂತ ಚಿಕ್ಕ ಬೋರ್ಡೂ ಸಾಕು. ನಿಮ್ಮ ಲೆಕ್ಕ ಇರಬೇಕಾದದ್ದು ಮೂರು ವರ್ಷದ ನಂತರ ಹಾಕುವ ಪ್ರೊಸೆಸರ್‌ಗೆ. 120 ವಾಟ್ ಟಿಡಿಪಿಯ 9800ಎಕ್ಸ್3ಡಿ ಸುಮಾರು 162 ವಾಟ್ ಎಳೆಯಬಲ್ಲದು. 170 ವಾಟ್ ಟಿಡಿಪಿಯ 16 ಕೋರಿನ ಪ್ರೊಸೆಸರ್ 230 ವಾಟ್. ವಿಆರ್‌ಎಂ ಮೇಲೆ ಲೋಹದ ಹೀಟ್ ಸಿಂಕ್ ಎರಡೂ ಬದಿಗೆ ಇದೆಯೇ ನೋಡಿ. ಒಂದು ಬದಿಗೆ ಮಾತ್ರ ಇದ್ದು ಇನ್ನೊಂದು ಬದಿ ಬರಿದಾಗಿದ್ದರೆ, ದೀರ್ಘ ರೆಂಡರ್ ಹೊತ್ತಲ್ಲಿ ಅದು ಕಾದು ಬೋರ್ಡ್ ತಾನಾಗಿ ಪ್ರೊಸೆಸರ್ ವೇಗ ಇಳಿಸುತ್ತದೆ. ಫೇಸ್‌ಗಳ, ಅಂದರೆ ವಿಆರ್‌ಎಂ ಭಾರ ಹಂಚಿಕೊಳ್ಳುವ ಘಟಕಗಳ, ಸಂಖ್ಯೆಯನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುತ್ತಾರೆ, ಒಂದೊಂದು ಎಷ್ಟು ಆಂಪಿಯರ್ ಎಂಬುದನ್ನು ಬರೆಯದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಎರಡನೆಯದು ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ. ಮೊದಲ ಸಲ ಜೋಡಿಸುವವರು ಇದಿಲ್ಲದ ಬೋರ್ಡ್ ಕೊಳ್ಳಬಾರದು ಎಂದೇ ನಾನು ಹೇಳುವುದು. ಪ್ರೊಸೆಸರ್, ರ‍್ಯಾಮ್ ಏನೂ ಇಲ್ಲದೆಯೇ ಎಸ್‌ಎಂಪಿಎಸ್ ಮತ್ತು ಪೆನ್ ಡ್ರೈವ್ ಇಟ್ಟುಕೊಂಡು ಬಯೋಸ್ ಬದಲಿಸಬಹುದು. ಅಪ್‌ಡೇಟ್ ನಡುವೆ ವಿದ್ಯುತ್ ಹೋಗಿ ಬೋರ್ಡ್ ಸತ್ತಂತಾದರೂ ಇದರಿಂದ ಎಬ್ಬಿಸಬಹುದು. ಹಳೆಯ ದಾಸ್ತಾನಿನ ಬಿ650 ಬೋರ್ಡ್‌ಗೆ 9000 ಸರಣಿಯ ಪ್ರೊಸೆಸರ್ ಹಾಕಿದರೆ ಬಯೋಸ್ ಹಳೆಯದೆಂಬ ಒಂದೇ ಕಾರಣಕ್ಕೆ ಪರದೆ ಬಾರದಿರಬಹುದು. ತಯಾರಕರ ತಾಣದಲ್ಲಿ ಪ್ರತಿ ಬೋರ್ಡ್‌ಗೂ ಪ್ರೊಸೆಸರ್ ಬೆಂಬಲ ಪಟ್ಟಿ ಇರುತ್ತದೆ, ಯಾವ ಪ್ರೊಸೆಸರ್‌ಗೆ ಯಾವ ಬಯೋಸ್‌ನಿಂದ ಬೆಂಬಲ ಎಂದು ಎದುರಿಗೇ ಬರೆದಿರುತ್ತಾರೆ.

ಮೂರನೆಯದು ದೋಷ ತೋರಿಸುವ ನಾಲ್ಕು ದೀಪ: ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ (ಡ್ರೈವ್‌ನಿಂದ ಶುರುವಾಗುವುದು). ಕಂಪ್ಯೂಟರ್ ಎಲ್ಲಿ ನಿಂತಿದೆಯೋ ಆ ದೀಪ ಹತ್ತಿಯೇ ಇರುತ್ತದೆ. ಇದು ಇಲ್ಲದಿದ್ದರೆ ಕತ್ತಲಲ್ಲಿ ಹುಡುಕಾಟ.

ಎಂ.2 ಸ್ಲಾಟ್ ಎರಡಾದರೂ ಇರಲಿ. ಪ್ರೊಸೆಸರ್‌ಗೆ ಅಂಟಿಕೊಂಡಂತಿರುವ ಸ್ಲಾಟ್ ಸಾಮಾನ್ಯವಾಗಿ ನೇರ ಪ್ರೊಸೆಸರ್ ಲೇನ್‌ನಲ್ಲಿರುತ್ತದೆ, ಎಸ್‌ಎಸ್‌ಡಿಯನ್ನು ಅಲ್ಲೇ ಹಾಕಿ. ಕೆಲವು ಬೋರ್ಡ್‌ಗಳಲ್ಲಿ ಕೆಳಗಿನ ಎಂ.2 ಬಳಸಿದರೆ ಎರಡು ಸಾಟಾ (ಹಳೆಯ ಬಗೆಯ ಡ್ರೈವ್) ಕಿಂಡಿ ಅಥವಾ ಒಂದು ಪಿಸಿಐಇ ಸ್ಲಾಟ್ ಸ್ಥಗಿತವಾಗುತ್ತದೆ. ಕೈಪಿಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಯಾಗಿ ಇರುವ ಮಾಹಿತಿ ಇದು. ಹಳೆಯ ಎಂ.2 ಸಾಟಾ ಎಸ್‌ಎಸ್‌ಡಿ ಇಟ್ಟುಕೊಂಡವರು, ಸ್ಲಾಟ್ ಎನ್‌ವಿಎಂಇ ಮಾತ್ರವೇ ಎಂದೂ ನೋಡಬೇಕು.

ರ‍್ಯಾಮ್ ಸ್ಲಾಟ್ ನಾಲ್ಕಿದ್ದರೂ ಬಳಸುವುದು ಎರಡನ್ನೇ. ಎಎಂ5ನಲ್ಲಿ ನಾಲ್ಕು ಸ್ಟಿಕ್ ಹಾಕಿದರೆ 7000 ಸರಣಿಗೆ ಎಎಂಡಿ ಖಾತ್ರಿ ಕೊಡುವ ವೇಗ 3600ಕ್ಕೆ ಇಳಿಯುತ್ತದೆ, ಎರಡಕ್ಕೆ 5200. ಈಗ 16ರ ಒಂದು, ಆಮೇಲೆ ಇನ್ನೊಂದು ಎಂಬ ಯೋಚನೆಯೂ ಬೇಡ. ಒಂದೇ ಪ್ಯಾಕಿನಲ್ಲಿ ಬರುವ 16 ಜಿಬಿಯ ಎರಡು, ಡಿಡಿಆರ್5-6000, ಸಿಎಲ್30 (ರ‍್ಯಾಮ್ ಉತ್ತರಿಸಲು ಹಿಡಿಯುವ ಸುತ್ತು, ಕಡಿಮೆಯಾದಷ್ಟೂ ಒಳ್ಳೆಯದು), ಎಎಂಡಿ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಹೊಂದಿಸುವ ಆಯ್ಕೆ) ಬೆಂಬಲ ಇರುವಂಥದ್ದು ರೈಜನ್ 7000ಕ್ಕೆ ಹೇಳಿ ಮಾಡಿಸಿದ್ದು. ಸಿಎಲ್36 ಸಿಕ್ಕರೂ ದಿನಬಳಕೆಯಲ್ಲಿ ಗೊತ್ತಾಗುವುದಿಲ್ಲ. 6400, 7200 ಎಂದು ಮೇಲಕ್ಕೆ ಹೋಗಬೇಡಿ: ಸ್ಟಿಕ್ ಓಡಬಲ್ಲದು, ಪ್ರೊಸೆಸರ್ ಒಳಗಿನ ಮೆಮೊರಿ ನಿಯಂತ್ರಕ ಅದೇ ಗತಿಯಲ್ಲಿ ಓಡಲಾರದು, ಅರ್ಧ ಗತಿಗೆ ಇಳಿದು ಗಳಿಸಿದ್ದನ್ನು ಕಳೆಯುತ್ತದೆ.

ವೈಫೈ ಬೇಕಿದ್ದರೆ ಮಾದರಿಯಲ್ಲೇ ಇರುವಂಥದ್ದು ಕೊಳ್ಳಿ. ಪ್ರತ್ಯೇಕ ಕಾರ್ಡ್ ಹಾಕುವವರಿಗೆ ಒಂದು ಮಾತು: ಇಂಟೆಲ್ ಎಎಕ್ಸ್210 ಎಎಂಡಿ ಬೋರ್ಡ್‌ನಲ್ಲಿ ಓಡುತ್ತದೆ, ನೋಡಲು ಅದರಂತೆಯೇ ಇರುವ ಎಎಕ್ಸ್201, ಎಎಕ್ಸ್211 ಓಡುವುದಿಲ್ಲ. ಅವು ಅರ್ಧ ಕೆಲಸಕ್ಕೆ ಇಂಟೆಲ್ ಪ್ರೊಸೆಸರ್, ಚಿಪ್‌ಸೆಟ್‌ಗಳನ್ನೇ ನೆಚ್ಚಿಕೊಂಡವು.

ಕೊನೆಗೆ ಕ್ಯಾಬಿನೆಟ್. ಮುಂಭಾಗದಲ್ಲಿ ಟೈಪ್-ಸಿ ಕಿಂಡಿ ಇದ್ದರೆ ಬೋರ್ಡ್‌ನಲ್ಲಿ ಟೈಪ್-ಇ ಹೆಡರ್ (ಆ ಕಿಂಡಿಯ ವಯರ್ ಕೂರುವ ಜಾಗ) ಇರಬೇಕು, ಇಲ್ಲದಿದ್ದರೆ ಆ ಕಿಂಡಿ ಶೋಭೆಗೆ ಮಾತ್ರ. ಎಟಿಎಕ್ಸ್ ಬೋರ್ಡ್ 305 ಗುಣಿಸು 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244 ಗುಣಿಸು 244. ನಿಮಗೆ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಬೇರೆ ಕಾರ್ಡ್ ಇಲ್ಲದ್ದರಿಂದ ಮೈಕ್ರೋ ಎಟಿಎಕ್ಸ್ ಸಾಕು.

ನಂದನ_ಕೋಡ್:

ಪಿನ್24 ಅವರೇ, ತುಂಬ ಉಪಕಾರವಾಯಿತು. ಫ್ಲ್ಯಾಶ್‌ಬ್ಯಾಕ್, ನಾಲ್ಕು ದೀಪ, ಎರಡು ಎಂ.2, ವೈಫೈ ಇರುವ ಮೈಕ್ರೋ ಎಟಿಎಕ್ಸ್ ಬಿ650 ಒಂದು ಸಿಕ್ಕಿದೆ. ಬೋರ್ಡ್‌ನಲ್ಲಿ ಪ್ರೊಸೆಸರ್ ವಿದ್ಯುತ್‌ಗೆ 8 ಪಿನ್ ಜತೆಗೆ ಇನ್ನೊಂದು 4 ಪಿನ್ ಇದೆ, ನನ್ನ ಎಸ್‌ಎಂಪಿಎಸ್‌ನಲ್ಲಿ 8 ಪಿನ್ ಒಂದೇ. ತೊಂದರೆಯೇ? ಜೋಡಿಸುವಾಗ ಹೊಸಬರು ಎಲ್ಲಿ ಎಡವುತ್ತಾರೆ ಎಂದೂ ತಿಳಿಸಿ.

ಶ್ರೀ_ಸ್ಕ್ರೂಡ್ರೈವರ್ ಉತ್ತರ:

ಆ 4 ಪಿನ್ ಖಾಲಿ ಬಿಡಿ. ಒಂದು 8 ಪಿನ್ 200 ವಾಟ್ ಮೀರಿದ ಭಾರವನ್ನೂ ಹೊರುತ್ತದೆ, ನಿಮ್ಮ ಪ್ರೊಸೆಸರ್ ಬೇಡುವುದು 88. ಆದರೆ ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲನ್ನು ಇಲ್ಲಿ ಒತ್ತಿ ಕೂರಿಸಲು ಹೋಗಬೇಡಿ. ಪ್ರೊಸೆಸರ್‌ನದು 4+4 ಎಂದು ಸೀಳುತ್ತದೆ, ಕಾರ್ಡಿನದು 6+2. ಒಳಗಿನ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು.

ಜೋಡಣೆಯನ್ನು ಕ್ಯಾಬಿನೆಟ್ ಹೊರಗೆ ಶುರುಮಾಡಿ. ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲೆ ಬೋರ್ಡ್ ಇಡಿ, ಅದರ ಮಿರುಗುವ ಚೀಲದ ಮೇಲಲ್ಲ. ಆ ಚೀಲಗಳಲ್ಲಿ ಕೆಲವು ಮೇಲ್ಮೈಯಲ್ಲಿ ವಿದ್ಯುತ್ ಹರಿಸುತ್ತವೆ.

ಎಎಂ5ನಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲಿಲ್ಲ, ಸಾಕೆಟ್‌ನಲ್ಲಿವೆ, 1718 ಪಿನ್. ಬೆರಳು, ಬಟ್ಟೆಯ ಎಳೆ ಯಾವುದೂ ತಾಗಕೂಡದು. ಸನ್ನೆ ಎತ್ತಿ, ಚೌಕಟ್ಟು ತೆರೆದು, ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಇಳಿಬಿಡಿ. ಒತ್ತುವಂತಿಲ್ಲ. ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲೇ ಕೀಳಬೇಡಿ, ಸನ್ನೆ ಇಳಿಸುವಾಗ ತಾನೇ ಹಾರಿ ಬೀಳುತ್ತದೆ. ಅದನ್ನು ಎಸೆಯಬೇಡಿ, ಬೋರ್ಡನ್ನು ವಾರಂಟಿಗೆ ಕಳಿಸುವಾಗ ಮುಚ್ಚಳವಿಲ್ಲದೆ ಪಿನ್ ಬಾಗಿದರೆ ನಿರಾಕರಿಸುತ್ತಾರೆ. ಸನ್ನೆ ಇಳಿಸಲು ಸಾಕಷ್ಟು ಬಲ ಬೇಕು, ಕರ್ ಎಂದು ಸದ್ದಾದರೆ ಹೆದರಬೇಡಿ.

ರೈತ್ ಸ್ಟೆಲ್ತ್ ಕೂಲರ್ ಹಾಕಲು ಸಾಕೆಟ್‌ನ ಎರಡು ಪಕ್ಕದ ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು, ನಾಲ್ಕು ಸ್ಕ್ರೂ. ಹಿಂದಿನ ಲೋಹದ ತಗಡು ಎಎಂ5ನಲ್ಲಿ ಸಾಕೆಟ್‌ಗೇ ಬಿಗಿದಿರುವುದರಿಂದ ಬೀಳುವುದಿಲ್ಲ. ಕೂಲರ್ ತಳದಲ್ಲಿ ಬೂದು ಬಣ್ಣದ ಪೇಸ್ಟ್ ಮೊದಲೇ ಬಳಿದಿರುತ್ತದೆ, ಮತ್ತೆ ಹಾಕಬೇಡಿ. ಬೇರೆ ಕೂಲರ್ ಆದರೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ತಳದ ಪಾರದರ್ಶಕ ಹಾಳೆ ಕೀಳುವುದು ಮರೆಯಬೇಡಿ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಎರಡೆರಡು ಸುತ್ತು ಬಿಗಿಯುತ್ತ ಹೋಗಿ. ಒಂದನ್ನೇ ಪೂರ್ತಿ ಬಿಗಿದರೆ ಎದುರಿನದು ತಲುಪುವುದಿಲ್ಲ, ಕೂಲರ್ ವಾರೆಯಾಗಿ ಕೂರುತ್ತದೆ. ಫ್ಯಾನಿನ ವಯರ್ ಸಿಪಿಯು ಫ್ಯಾನ್ ಎಂದು ಬರೆದ ಹೆಡರ್‌ಗೇ ಹೋಗಬೇಕು, ಬೇರೆಡೆ ಹಾಕಿದರೆ ಫ್ಯಾನ್ ಇಲ್ಲವೆಂದು ಬೋರ್ಡ್ ತಕರಾರು ತೆಗೆಯುತ್ತದೆ.

ರ‍್ಯಾಮ್ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಅಲ್ಲಿ ಎ2, ಬಿ2 ಎಂದು ಬರೆದಿರುತ್ತದೆ. ಎರಡೂ ತುದಿ ಟಕ್ ಎನ್ನುವ ತನಕ ಒತ್ತಿ. ಅರ್ಧ ಕೂತ ರ‍್ಯಾಮ್ ಹೊಸಬರ ಬಹುಪಾಲು ಕಪ್ಪು ಪರದೆಗೆ ಕಾರಣ. ಎಸ್‌ಎಸ್‌ಡಿ ಮೇಲಿನ ಹೀಟ್ ಸಿಂಕ್‌ನ ಒಳಗಡೆ ಮೆತ್ತೆಗೂ ಒಂದು ಹಾಳೆ ಅಂಟಿಸಿರುತ್ತಾರೆ, ಕಿತ್ತು ಹಾಕಿ.

ಇಷ್ಟಾದ ಮೇಲೆ 24 ಪಿನ್, 8 ಪಿನ್ ಎರಡೂ ಕೊಟ್ಟು, ಎಚ್‌ಡಿಎಂಐಯನ್ನು ಬೋರ್ಡ್‌ಗೆ ಹಾಕಿ, ಮುಂಭಾಗದ ಹೆಡರ್‌ನಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿ. ಫ್ಯಾನ್ ತಿರುಗುತ್ತದೆ, ಡಿರ‍್ಯಾಮ್ ದೀಪ ಹತ್ತುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಇಲ್ಲೇ ಜನ ಗಾಬರಿಯಾಗಿ ಆಫ್ ಮಾಡುತ್ತಾರೆ. ಮಾಡಬೇಡಿ! ಡಿಡಿಆರ್5 ಬೋರ್ಡ್ ಮೊದಲ ಸಲ ರ‍್ಯಾಮ್ ತರಬೇತಿ ನಡೆಸುತ್ತದೆ, ಪ್ರತಿ ಸಂಕೇತದ ಕಾಲವನ್ನು ಅಳೆದು ಹೊಂದಿಸುತ್ತದೆ. ಹಲವು ನಿಮಿಷ ಹಿಡಿಯಬಹುದು. ಹದಿನೈದು ನಿಮಿಷವಾದರೂ ಬಿಟ್ಟು ನೋಡಿ. ನಡುವೆ ಆಫ್ ಮಾಡಿದರೆ ಮೊದಲಿನಿಂದ ಶುರು.

ಆ ಮೇಲೂ ದೀಪ ಆರದಿದ್ದರೆ ವಿದ್ಯುತ್ ತೆಗೆದು ಒಂದೇ ಸ್ಟಿಕ್ಕನ್ನು ಎ2ನಲ್ಲಿ ಇಟ್ಟು ನೋಡಿ. ನಂತರ ಇನ್ನೊಂದು ಸ್ಟಿಕ್. ನಂತರ ಸಿಮಾಸ್ ತೆರವು, ಅಂದರೆ ಬಯೋಸ್ ಆಯ್ಕೆಗಳನ್ನು ಮೂಲಸ್ಥಿತಿಗೆ ತರುವುದು: ಎಸ್‌ಎಂಪಿಎಸ್ ಆಫ್, ಆ ಹೆಸರಿನ ಎರಡು ಪಿನ್‌ಗಳನ್ನು ಕೆಲವು ಸೆಕೆಂಡು ಸೇರಿಸುವುದು. ಸಿಪಿಯು ದೀಪವೇ ಹತ್ತಿದ್ದರೆ ಮೊದಲು 8 ಪಿನ್ ಪೂರ್ತಿ ಕೂತಿದೆಯೇ ನೋಡಿ, ಸಾಕೆಟ್ ಬಿಚ್ಚುವುದು ಕೊನೆಯ ಹೆಜ್ಜೆ.

ಪರದೆ ಬಂದ ಮೇಲೆಯೇ ಕ್ಯಾಬಿನೆಟ್. ಬೋರ್ಡ್ ತೂತುಗಳ ಕೆಳಗೆ ಮಾತ್ರ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ) ಇರಲಿ. ಹೆಚ್ಚಿಗೆ ಉಳಿದ ಒಂದು ಬೋರ್ಡಿನ ಹಿಂಬದಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಪಿನ್24:

ಬಯೋಸ್‌ನ ಕೆಲಸ ಸೇರಿಸುತ್ತೇನೆ, ಈ ಅನುಕ್ರಮದಲ್ಲೇ ಮಾಡಿ. ಮೊದಲು ಬಯೋಸ್ ಅಪ್‌ಡೇಟ್, ಎಕ್ಸ್‌ಪೋ ಹಚ್ಚುವ ಮುನ್ನ. ಪೆನ್ ಡ್ರೈವ್ ಎಫ್‌ಎಟಿ32 ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಫ್ಲ್ಯಾಶ್‌ಬ್ಯಾಕ್ ಬಳಸುವುದಾದರೆ ಕೈಪಿಡಿ ಹೇಳಿದ ಹೆಸರನ್ನೇ ಫೈಲಿಗೆ ಇಡಬೇಕು, ಅದಕ್ಕೆಂದೇ ಗುರುತಿಸಿದ ಯುಎಸ್‌ಬಿ ಕಿಂಡಿಗೇ ಹಾಕಬೇಕು. 2023ರಲ್ಲಿ ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟ ಪ್ರಕರಣಗಳ ನಂತರ ಎಸ್‌ಒಸಿ (ಪ್ರೊಸೆಸರ್‌ನಲ್ಲಿ ಮೆಮೊರಿ ನಿಯಂತ್ರಕ ಇರುವ ಭಾಗ) ವೋಲ್ಟೇಜನ್ನು 1.3 ವೋಲ್ಟಿಗೆ ಕಟ್ಟಿಹಾಕಿದ ಬಯೋಸ್‌ಗಳು ಬಂದವು. ಅದಕ್ಕಿಂತ ಹಳೆಯ ಬಯೋಸ್‌ನಲ್ಲಿ ಎಕ್ಸ್‌ಪೋ ಹಚ್ಚಬಾರದು.

ಅಪ್‌ಡೇಟ್ ಆದ ಮೇಲೆ ಎಕ್ಸ್‌ಪೋ ಆನ್ ಮಾಡಿ. ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೇ ಓಡುತ್ತಿರುತ್ತದೆ, ಗೊತ್ತೂ ಆಗುವುದಿಲ್ಲ. ಮತ್ತೆ ಒಮ್ಮೆ ತರಬೇತಿ ನಡೆಯುತ್ತದೆ, ಕಾಯಿರಿ. ವರ್ಚುವಲ್ ಮಷೀನ್ ಓಡಿಸುವ ನಿಮಗೆ ಎಸ್‌ವಿಎಂ ಮೋಡ್ ಆನ್ ಇರಲೇಬೇಕು. ವಿಂಡೋಸ್ 11 ಹಾಕುವುದಾದರೆ ಎಫ್‌ಟಿಪಿಎಂ (ಪ್ರೊಸೆಸರ್‌ನಲ್ಲೇ ಇರುವ ಭದ್ರತಾ ಘಟಕ) ಕೂಡ. ಆಪರೇಟಿಂಗ್ ಸಿಸ್ಟಂ ಹಾಕುವ ಮುನ್ನ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಇರುವ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಒಂದು ರಾತ್ರಿ ಬಿಡಿ. ಒಂದು ದೋಷ ಕಂಡರೂ ಎಕ್ಸ್‌ಪೋ ತೆಗೆದು ಮತ್ತೊಮ್ಮೆ ಪರೀಕ್ಷಿಸಿ. ಆಗಲೂ ದೋಷ ಬಂದರೆ ಸ್ಟಿಕ್ ಬದಲಿಸಿಕೊಳ್ಳಿ. ಬರದಿದ್ದರೆ 5600ಕ್ಕೆ ಇಳಿಸಿ ಬಳಸಬಹುದು, ವ್ಯತ್ಯಾಸ ಸಣ್ಣದು.

ನಂದನ_ಕೋಡ್:

ಒಂದೇ ಸಂದೇಹ ಉಳಿಯಿತು. ಪ್ರತಿ ಸಲ ಆನ್ ಮಾಡಿದಾಗಲೂ ಹೀಗೆ ನಿಮಿಷಗಟ್ಟಲೆ ಕಾಯಬೇಕೇ?

ಶ್ರೀ_ಸ್ಕ್ರೂಡ್ರೈವರ್:

ಇಲ್ಲ. ಬಯೋಸ್‌ನಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಆಯ್ಕೆ ಇದೆ. ಆನ್ ಇದ್ದರೆ ಹಿಂದಿನ ತರಬೇತಿಯ ಫಲಿತಾಂಶವನ್ನೇ ಬಳಸಿ ಬೇಗ ಏಳುತ್ತದೆ. ಅದರ ಜತೆಗೆ ಪವರ್ ಡೌನ್ ಎನೇಬಲ್ ಎಂಬುದೂ ಆನ್ ಇರಲಿ, ಒಂದಿದ್ದು ಇನ್ನೊಂದಿಲ್ಲದಿದ್ದರೆ ಕೆಲವು ಬೋರ್ಡ್‌ಗಳು ನೀಲಿ ಪರದೆ ತೋರಿಸುತ್ತವೆ. ಮೆಮ್‌ಟೆಸ್ಟ್ ದೋಷವಿಲ್ಲದೆ ಮುಗಿದ ಮೇಲೆ ಎರಡನ್ನೂ ಆನ್ ಮಾಡಿ. ರ‍್ಯಾಮ್ ಬದಲಿಸಿದಾಗ, ಬಯೋಸ್ ಅಪ್‌ಡೇಟ್ ಮಾಡಿದಾಗ ಮಾತ್ರ ಮತ್ತೆ ಆ ದೀರ್ಘ ಕಾಯುವಿಕೆ ಇರುತ್ತದೆ.